ಊರಿಗೆಲ್ಲ ಸ್ಮಾರ್ಟ್ ಗ್ರಿಡ್ ಬಂದ ಮೇಲೆ: ಬೋಲ್ಡರ್ ಕಲಿಸಿದ ದೋಷ ಪತ್ತೆ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಬೋಲ್ಡರ್ ಅಂತ ಒಂದು ಊರಿದೆ. ರಾಕಿ ಬೆಟ್ಟಗಳ ಬುಡದಲ್ಲಿ, ಒಂದು ಲಕ್ಷದ ಆಸುಪಾಸು ಜನ. 2008ರ ಮಾರ್ಚ್‌ನಲ್ಲಿ ಅಲ್ಲಿಗೆ ಕರೆಂಟ್ ಕೊಡುವ ಎಕ್ಸೆಲ್ ಎನರ್ಜಿ ಕಂಪನಿ ಈ ಊರನ್ನೇ ಆರಿಸಿಕೊಂಡು ಸ್ಮಾರ್ಟ್‌ಗ್ರಿಡ್‌ಸಿಟಿ ಎಂಬ ಯೋಜನೆ ಸಾರಿತು. ಸ್ಮಾರ್ಟ್ ಗ್ರಿಡ್ ಎಂದರೆ ಮೀಟರ್, ಟ್ರಾನ್ಸ್‌ಫಾರ್ಮರ್‌ಗಳು ತಮ್ಮ ಲೆಕ್ಕ, ಸ್ಥಿತಿಯನ್ನು ತಾವೇ ಆಫೀಸಿಗೆ ತಿಳಿಸುವ ಕರೆಂಟ್ ಜಾಲ. ಸುಮಾರು 23,000 ಸ್ಮಾರ್ಟ್ ಮೀಟರ್ ಹಾಕಿದರು. ಟ್ರಾನ್ಸ್‌ಫಾರ್ಮರ್‌ವರೆಗೆ ಫೈಬರ್ ಕೇಬಲ್ ಎಳೆದರು. ಅಲ್ಲಿಂದ ಮನೆಯ ಮೀಟರ್‌ವರೆಗೆ ಕರೆಂಟಿನ ತಂತಿಯಲ್ಲೇ ಮಾಹಿತಿ ಹರಿಸಿದರು.

ಆಮೇಲೆ ಆದದ್ದು ಎರಡು ಬಗೆ. ತಂತಿಯ ಕಡೆ ಕೆಲಸ ಚೆನ್ನಾಗಿ ಆಯಿತು. ವೋಲ್ಟೇಜ್ ದೂರು ಕಡಿಮೆಯಾಯಿತು, ಕೆಡಲಿದ್ದ ಟ್ರಾನ್ಸ್‌ಫಾರ್ಮರ್‌ಗಳನ್ನು ಮೊದಲೇ ಹಿಡಿದೆವು ಎಂದು ಕಂಪನಿ ಹೇಳಿತು. ಮನೆಯ ಕಡೆ ಮಾತ್ರ ಜನಕ್ಕೆ ಹೆಚ್ಚೇನೂ ಕಾಣಲಿಲ್ಲ. ಖರ್ಚು ಮೂರು ಪಟ್ಟು ಹತ್ತಿರ ಏರಿತು.

ನಾನು ವರ್ಷಗಟ್ಟಲೆ ಮೀಟರ್ ಟೆಸ್ಟಿಂಗ್ ಕೆಲಸ ಮಾಡಿದವನು. ಬೋಲ್ಡರ್ ಕಥೆ ನನಗೆ ದೂರದ್ದು ಅನ್ನಿಸುವುದೇ ಇಲ್ಲ. ಮೈಸೂರಿನ ವಿ.ವಿ. ಮೊಹಲ್ಲಾ ಕಡೆ ಅಲ್ಲಿನ ವಿದ್ಯುತ್ ಕಂಪನಿ ಚೆಸ್ಕಾಂ ಮಾಡಿದ ಸ್ಮಾರ್ಟ್ ಗ್ರಿಡ್ ಪ್ರಯೋಗದಲ್ಲೂ 21,000ಕ್ಕೂ ಜಾಸ್ತಿ ಗ್ರಾಹಕರಿದ್ದರು. ಅಳತೆಯಲ್ಲಿ ಅದು ಬೋಲ್ಡರ್‌ಗೆ ಸರಿಸಮ. 2025ರಿಂದ ನಮ್ಮಲ್ಲಿ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಬರುತ್ತಿದೆ. ಹಾಗಾಗಿ ಜನ ಕಣ್ಣಾರೆ ಕಾಣುವ ತೊಂದರೆಗಳನ್ನೇ ಹಿಡಿದು, ಸುಲಭದ್ದು ಮೊದಲು ಕಷ್ಟದ್ದು ಕೊನೆಗೆ ಎಂಬಂತೆ ಇಲ್ಲಿ ಬರೆದಿದ್ದೇನೆ. ಮೊದಲ ಭಾಗಗಳು ಮನೆಯವರಿಗೆ. ಕೊನೆಯವು ಯೋಜನೆ ನಡೆಸುವವರಿಗೆ, ಅದನ್ನು ಪ್ರಶ್ನಿಸುವ ಊರಿನವರಿಗೆ.

ಕೈ ಹಾಕುವ ಮೊದಲು

ಮೀಟರಿನ ಸೀಲ್ ಮುಟ್ಟಬೇಡಿ. ಸ್ಮಾರ್ಟ್ ಮೀಟರಿನ ಮುಚ್ಚಳ ತೆಗೆದರೆ ಅದು ದಿನಾಂಕ, ಸಮಯದ ಸಮೇತ ದಾಖಲಾಗುತ್ತದೆ. ನೀವು ಒಳ್ಳೆಯ ಮನಸ್ಸಿನಿಂದ ತೆಗೆದರೂ ಕಳ್ಳತನದ ಗುಮಾನಿ ಬರುತ್ತದೆ. ಅದಕ್ಕಿಂತ ದೊಡ್ಡ ಮಾತು, ಮೇನ್ ಸ್ವಿಚ್ ಆಫ್ ಮಾಡಿದರೂ ಮೀಟರಿಗೆ ಬರುವ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಕಂಬ, ಸರ್ವಿಸ್ ವೈರ್, ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ಬೇಲಿಯ ಒಳಗೆ ನಮ್ಮ ಕೆಲಸವಿಲ್ಲ. ಈ ಬರಹದಲ್ಲಿ ಮನೆಯವರಿಗೆ ಹೇಳಿರುವುದೆಲ್ಲ ಕಣ್ಣಲ್ಲಿ ನೋಡುವುದು, ಎಂಸಿಬಿ (ಮನೆಯ ಬೋರ್ಡಿನ ಟ್ರಿಪ್ ಸ್ವಿಚ್) ಇಳಿಸುವುದು, ಬರೆದಿಡುವುದು. ಅಷ್ಟೇ.

ಮೀಟರ್ ಪೆಟ್ಟಿಗೆ ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ, ಚಿಟಿಚಿಟಿ ಸದ್ದು ಕೇಳಿದರೆ ಮುಂದೆ ಓದುವ ಅಗತ್ಯವಿಲ್ಲ. ದೂರ ನಿಂತು 1912ಕ್ಕೆ ಫೋನ್ ಮಾಡಿ.

ಮೀಟರ್ ಬದಲಾಯಿತು, ಬಿಲ್ ಜಾಸ್ತಿ ಬಂತು

ಎಲ್ಲ ಊರಲ್ಲೂ ಮೊದಲು ಬರುವ ದೂರು ಇದೇ. ಮೀಟರ್ ಜೋರಾಗಿ ಓಡುತ್ತಿದೆ ಎಂದು ಕೂಗುವ ಮೊದಲು ಬಿಲ್ಲನ್ನು ಕೈಗೆತ್ತಿಕೊಳ್ಳಿ.

ಎಷ್ಟು ದಿನದ ಬಿಲ್ ಅದು? ಮೀಟರ್ ಬದಲಾದ ತಿಂಗಳಲ್ಲಿ ದಿನಗಳ ಲೆಕ್ಕ ಹೆಚ್ಚುಕಡಿಮೆ ಆಗುವುದು ಮಾಮೂಲಿ. ಹಳೆಯ ಮೀಟರಿನ ಕೊನೆಯ ರೀಡಿಂಗ್, ಹೊಸದರ ಮೊದಲ ರೀಡಿಂಗ್ ಸರಿಯಾಗಿ ಬರೆದಿದ್ದಾರಾ ನೋಡಿ. ಮೀಟರ್ ಬದಲಿಸುವ ದಿನ ಎರಡನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಆಮೇಲೆ ಅರ್ಧ ಜಗಳ ತಪ್ಪುತ್ತದೆ. ಹಿಂದಿನ ತಿಂಗಳುಗಳಲ್ಲಿ ಬಾಗಿಲು ಹಾಕಿದೆ ಎಂದು ಸರಾಸರಿ ಬಿಲ್ ಕೊಟ್ಟಿದ್ದರೆ ಬಾಕಿ ಈಗ ಸೇರಿರಬಹುದು. ಯೂನಿಟ್ ಅಷ್ಟೇ ಇದ್ದು ದುಡ್ಡು ಮಾತ್ರ ಏರಿದ್ದರೆ ಅದು ದರದ ವಿಷಯ, ಮೀಟರಿನ ತಪ್ಪಲ್ಲ.

ಬಿಲ್ ಸರಿಯಾಗಿದ್ದರೆ ಮೀಟರಿನ ಮುಂದೆ ನಿಲ್ಲಿ. ಮುಖದಲ್ಲಿ ಒಂದು ಚಿಕ್ಕ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಅಚ್ಚಾಗಿರುತ್ತದೆ. 3200 ಇದೆ ಅಂತಿಟ್ಟುಕೊಳ್ಳಿ. ಮೇನ್ ಹಾಗೇ ಇರಲಿ. ಒಳಗಿನ ಎಲ್ಲ ಎಂಸಿಬಿಗಳನ್ನು ಇಳಿಸಿ. ಈಗ ದೀಪ ಮಿನುಗಬಾರದು.

ಮಿನುಗಲಿಲ್ಲವಾ? ಅಡುಗೆಮನೆಯ ಎಂಸಿಬಿ ಒಂದನ್ನೇ ಏರಿಸಿ. ಫ್ರಿಜ್, ಮಿಕ್ಸಿ ಪ್ಲಗ್ ತೆಗೆದಿರಲಿ. 1500 ವ್ಯಾಟಿನ ಕೆಟಲ್‌ಗೆ ನೀರು ತುಂಬಿ ಹಾಕಿ, ಸರಿಯಾಗಿ ಒಂದು ನಿಮಿಷ ಮಿನುಗು ಎಣಿಸಿ. ಲೆಕ್ಕಕ್ಕೆ 80 ಬರಬೇಕು. ವೋಲ್ಟೇಜ್ ಏರಿಳಿತಕ್ಕೆ ತಕ್ಕಂತೆ 70ರಿಂದ 90ರ ಒಳಗೆ ಬಂದರೆ ಮೀಟರ್ ಹೆಚ್ಚುಕಡಿಮೆ ಸರಿಯಾಗಿಯೇ ಇದೆ. 120 ಬಂದರೆ ಬರೆದಿಡಿ, ದೂರು ಕೊಡಿ. ಇದು ಲ್ಯಾಬಿನ ಪರೀಕ್ಷೆಯಲ್ಲ. ಆದರೂ ಸುಮ್ನೆ ಅನುಮಾನ ಪಡುವುದಕ್ಕಿಂತ ಎಷ್ಟೋ ಮೇಲು.

ಎಲ್ಲ ಎಂಸಿಬಿ ಇಳಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಮೇನ್ ಸ್ವಿಚ್ ಆಫ್ ಮಾಡಿ ನೋಡೋಣ ಎಂದು ಹೋಗಬೇಡಿ. ಕಾರಣ ಹೇಳುತ್ತೇನೆ.

ನಾನು ನೋಡಿದ ಒಂದು ಹಳೆಯ ವಠಾರದಲ್ಲಿ ನಾಲ್ಕು ಮನೆ. ಮೂರನೆಯ ಮನೆಯ ಅಜ್ಜಿಗೆ ಒಂದು ಫ್ಯಾನು, ಎರಡು ದೀಪ, ಒಂದು ಟಿವಿ. ಮೀಟರ್ ಬದಲಾದ ಮೇಲೆ ಬಿಲ್ ಮೂರು ಪಟ್ಟು. "ನಾನು ಒಬ್ಬಳೇ ಇರೋದು ಕಣಪ್ಪ, ಇಷ್ಟು ಯಾರು ಉರಿಸ್ತಾರೆ?" ಎಂದು ಅವರು ಕೇಳಿದ್ದು ಈಗಲೂ ಕಿವಿಯಲ್ಲಿದೆ. ಎಲ್ಲ ಇಳಿಸಿದರೂ ದೀಪ ಟಕಟಕ ಮಿನುಗುತ್ತಿತ್ತು. ಪಕ್ಕದ ಮನೆಯವರು ಗೀಸರ್ ಹಾಕಿದಾಗ ಇನ್ನೂ ಜೋರು. ಯಾವುದೋ ಕಾಲದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ತಂತಿ ಉಳಿಸಲು ಎರಡು ಮನೆಯ ನ್ಯೂಟ್ರಲ್ ಅನ್ನು, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿಯನ್ನು, ಗೋಡೆಯೊಳಗೆ ಒಂದಕ್ಕೊಂದು ಸೇರಿಸಿಬಿಟ್ಟಿದ್ದ. ಹಳೆಯ ತಿರುಗುವ ಮೀಟರ್ ಫೇಸಿನ, ಅಂದರೆ ಕರೆಂಟ್ ಒಳಗೆ ತರುವ ತಂತಿಯ, ಕರೆಂಟನ್ನು ಮಾತ್ರ ಅಳೆಯುತ್ತಿತ್ತು. ಹೊಸದು ಫೇಸ್, ನ್ಯೂಟ್ರಲ್ ಎರಡನ್ನೂ ಅಳೆದು ಯಾವುದು ಜಾಸ್ತಿಯೋ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಪಕ್ಕದ ಮನೆಯ ಗೀಸರ್ ಅಜ್ಜಿಯ ಬಿಲ್ಲಿಗೆ ಬಂದದ್ದು ಹೀಗೆ. ಮೀಟರ್ ಸುಳ್ಳು ಹೇಳಿರಲಿಲ್ಲ, ವೈರಿಂಗ್ ತಪ್ಪಿತ್ತು.

ಅಂಥ ಕಡೆ ಮೇನ್ ಆಫ್ ಮಾಡಿದರೆ ಏನಾಗುತ್ತದೆ? ಪಕ್ಕದ ಮನೆಯ ಕರೆಂಟ್ ವಾಪಸ್ ಹೋಗುವ ದಾರಿಯೂ ಕಡಿದುಹೋಗಬಹುದು. ಅವರ ಫೇಸ್ ಬೇರೆ, ನಿಮ್ಮ ಫೇಸ್ ಬೇರೆ ಆಗಿದ್ದರೆ ಟಿವಿ, ಫ್ರಿಜ್ ಮೇಲೆ 230 ಬದಲು 400ರ ಹತ್ತಿರ ವೋಲ್ಟ್ ಬೀಳಬಹುದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು, ಎರಡೂ ಮನೆಯವರು ಮನೆಯಲ್ಲಿರುವಾಗ ಮಾಡಬೇಕಾದ ಕೆಲಸ ಅದು.

ಇಷ್ಟಾದರೂ ಬಗೆಹರಿಯದಿದ್ದರೆ ನಿಮ್ಮ ಕೈಯಲ್ಲಿ ಒಂದು ಹಕ್ಕಿದೆ. 2024ರಲ್ಲಿ ತಿದ್ದಿದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ, ರೀಡಿಂಗ್ ಬಗ್ಗೆ ದೂರು ಕೊಟ್ಟ 5 ದಿನದೊಳಗೆ ಕಂಪನಿ ಇನ್ನೊಂದು ಮೀಟರ್ ಜೊತೆಗೆ ಹಾಕಿ, ಕನಿಷ್ಠ 3 ತಿಂಗಳು ತಾಳೆ ನೋಡಬೇಕು. ದೂರು ಬರಹದಲ್ಲೇ ಇರಲಿ. ಆರ್‌ಆರ್ ನಂಬರ್, ನಿಮ್ಮ ಮಿನುಗಿನ ಲೆಕ್ಕ, ಫೋಟೊ ಎಲ್ಲ ಸೇರಿಸಿ. ಇನ್ನೊಂದು ವಿಷಯ. ಸ್ಮಾರ್ಟ್ ಮೀಟರ್ ನಿಮ್ಮ ಗರಿಷ್ಠ ಬೇಡಿಕೆಯನ್ನೂ ಬರೆದಿಡುತ್ತದೆ. ಅದು ಮಂಜೂರಾದ ಲೋಡ್ ದಾಟಿದ್ದು ಕಂಡುಬಂದರೆ, ಮೀಟರ್ ಹಾಕುವುದಕ್ಕಿಂತ ಹಿಂದಿನ ದಿನಗಳಿಗೆ ದಂಡ ಹಾಕುವಂತಿಲ್ಲ. ಇದು 2023ರ ತಿದ್ದುಪಡಿ.

ಒಂದು ದೀಪ ಮಂಕು, ಇನ್ನೊಂದು ಕಣ್ಣು ಕುಕ್ಕುವಷ್ಟು

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ರೂಮಿನ ದೀಪ ಮಂಕಾಗಿ, ಇನ್ನೊಂದು ರೂಮಿನ ಫ್ಯಾನ್ ಏಕಾಏಕಿ ಜೋರಾದರೆ ನ್ಯೂಟ್ರಲ್ ಸಡಿಲವಾಗಿದೆ ಅಥವಾ ಕಡಿದಿದೆ ಎಂದರ್ಥ. ಬೋಲ್ಡರ್‌ನಲ್ಲೂ ಇದೇ ರೋಗ, ಲಕ್ಷಣವೂ ಇದೇ. ಅಲ್ಲಿ ಮನೆಗೆ 120 ವೋಲ್ಟಿನ ಎರಡು ತಂತಿ ಬರುತ್ತವೆ. ನ್ಯೂಟ್ರಲ್ ಹೋದರೆ ಒಂದರ ವೋಲ್ಟೇಜ್ ಇಳಿದು ಇನ್ನೊಂದರದು ಏರುತ್ತದೆ. ನಮ್ಮಲ್ಲಿ ತ್ರೀ ಫೇಸ್ ಆಗಿರುವುದರಿಂದ ಏರುವುದು ಇನ್ನೂ ಜಾಸ್ತಿ.

ಪ್ಲಗ್‌ಗಳನ್ನು ತೆಗೆಯಿರಿ, ಮೊದಲು ಫ್ರಿಜ್, ಟಿವಿ. ಎಂಸಿಬಿಗಳನ್ನು ಇಳಿಸಿ. ನಲ್ಲಿ, ಗೀಸರ್ ಪೈಪ್ ಮುಟ್ಟಬೇಡಿ. ಫೋನ್ ಮಾಡಿ. ನೀವೇ ಹುಡುಕುವ ಹಂತ ಇಲ್ಲಿಗೆ ಮುಗಿಯಿತು.

ಆದರೆ ಒಂದು ಕೆಲಸ ನಿಮ್ಮಿಂದ ಆಗಬೇಕು. ಹೊರಗೆ ಬಂದು ಅಕ್ಕಪಕ್ಕದವರನ್ನು ಕೇಳಿ. ನಿಮ್ಮೊಬ್ಬರ ಮನೆಯಲ್ಲಿ ಮಾತ್ರವಾದರೆ ತಪ್ಪು ನಿಮ್ಮ ವೈರಿಂಗಿನಲ್ಲಿದೆ, ಇಲ್ಲವೇ ಸರ್ವಿಸ್ ವೈರಿನಲ್ಲಿ. ಸಾಲಿನ ನಾಲ್ಕೈದು ಮನೆಯಲ್ಲಾದರೆ ಕಂಬದ ಮೇಲಿನ ಜಾಯಿಂಟು, ಅಥವಾ ಟಿಸಿಯ ನ್ಯೂಟ್ರಲ್. ಬೇರೆ ಟಿಸಿಯ ಬೀದಿಯಲ್ಲೂ ಆಗುತ್ತಿದ್ದರೆ ಫೀಡರ್, ಅಂದರೆ ಹಲವು ಟಿಸಿಗಳಿಗೆ ಕರೆಂಟ್ ತರುವ ದೊಡ್ಡ ಲೈನು. ಫೋನಿನಲ್ಲಿ ಈ ಮಾತು ಹೇಳಿದರೆ ಲೈನ್‌ಮನ್ ಸರಿಯಾದ ಕಂಬಕ್ಕೇ ಏಣಿ ಹಾಕುತ್ತಾನೆ.

ನಾನು ಕೆಳಗೆ ನಿಂತು ನೋಡಿದ ಒಂದು ಜಾಯಿಂಟ್ ನೆನಪಿದೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ತಂತಿಯನ್ನು ಬರಿಗೈಯಲ್ಲಿ ಸುತ್ತಿದ್ದರು. ಲೈನ್‌ಮನ್ ಬಿಚ್ಚಿದಾಗ ಸುಣ್ಣದ ಹಾಗೆ ಬಿಳಿ ಪುಡಿ ಉದುರಿತು. ಮಳೆಗಾಲ ಎರಡೇ ಕಳೆದಿತ್ತು. ಆ ಪುಡಿಯೇ ಬೀದಿಯ ಆರು ಮನೆಯ ಟಿವಿ ಸುಟ್ಟದ್ದು.

ಸ್ಮಾರ್ಟ್ ಗ್ರಿಡ್‌ನ ನಿಜವಾದ ಬಲ ಇರುವುದು ಇಲ್ಲೇ. ನೀವು ಬಾಗಿಲು ತಟ್ಟಿ ಕೇಳಿದ್ದನ್ನು ಅದು ಮೀಟರ್‌ಗಳಿಂದಲೇ ಕೇಳಬಲ್ಲದು. ಒಂದೇ ಟಿಸಿಯ ಎಲ್ಲ ಮನೆಗಳ ವೋಲ್ಟೇಜ್ ಅನ್ನು ಒಂದೇ ಹಾಳೆಯಲ್ಲಿ ಇಟ್ಟು ನೋಡಿದರೆ, ಜನ ದೂರು ಕೊಡುವ ಮೊದಲೇ ಸಡಿಲ ಜಾಯಿಂಟ್ ಕಾಣುತ್ತದೆ. ಬೋಲ್ಡರ್‌ನಲ್ಲಿ ಕೈಗೆ ಹತ್ತಿದ ಲಾಭ ಈ ಬಗೆಯದು. ಅಮೆರಿಕದಲ್ಲಿ 120ಕ್ಕೆ ಐದು ಪರ್ಸೆಂಟ್ ಆಚೀಚೆ, ಅಂದರೆ 114ರಿಂದ 126 ಸರಿ. ನಮ್ಮಲ್ಲಿ 230ಕ್ಕೆ ಆರು ಪರ್ಸೆಂಟ್, 216ರಿಂದ 244. ನಿಮ್ಮ ಮೀಟರಿನ ಬಟನ್ ಒತ್ತುತ್ತಾ ಹೋದರೆ ವೋಲ್ಟೇಜ್ ಕಾಣುತ್ತದೆ. ಸಂಜೆ ಏಳಕ್ಕೆ ಒಮ್ಮೆ, ರಾತ್ರಿ ಎರಡಕ್ಕೆ ಒಮ್ಮೆ ಬರೆದಿಡಿ. ಸಂಜೆ ಮಾತ್ರ ಇಳಿದರೆ ಟಿಸಿಗೆ ಹೊರೆ ಜಾಸ್ತಿ. ಹೊತ್ತಿಲ್ಲದ ಹೊತ್ತಲ್ಲಿ ಕುಣಿದರೆ ಜಾಯಿಂಟ್.

ಕರೆಂಟ್ ಇದೆ, ಆ್ಯಪ್‌ನಲ್ಲಿ ಲೆಕ್ಕ ಇಲ್ಲ

ಗಾಬರಿ ಬೇಡ. ಮೀಟರ್ ಅಳೆಯುವುದು ಬೇರೆ, ಕಳಿಸುವುದು ಬೇರೆ. ಕಳಿಸುವ ದಾರಿ ಕಡಿದರೂ ಮೀಟರಿನೊಳಗೆ ಹಲವು ವಾರಗಳ ಲೆಕ್ಕ ಉಳಿದಿರುತ್ತದೆ. ದಾರಿ ತೆರೆದಾಗ ಹಿಂದಿನದು ಒಟ್ಟಿಗೆ ಬರುತ್ತದೆ.

ಆ್ಯಪ್‌ನಲ್ಲಿ ಇರುವುದು ಸೊನ್ನೆಯೋ ಖಾಲಿಯೋ ನೋಡಿ. ಖಾಲಿ ಎಂದರೆ ಸುದ್ದಿ ಬಂದಿಲ್ಲ. ಸೊನ್ನೆ ಎಂದರೆ ಮೀಟರ್ ಮಾತಾಡಿದೆ, ಬಳಕೆ ಇಲ್ಲ ಅಂದಿದೆ. ನೀವು ಮನೆಯಲ್ಲಿದ್ದು ಸೊನ್ನೆ ಬಂದರೆ ಆ ಲೆಕ್ಕ ಬೇರೆಯವರದು ಇರಬಹುದು. ಮೀಟರಿನ ಮೇಲಿನ ನಂಬರ್, ಬಿಲ್ಲಿನಲ್ಲಿರುವ ನಂಬರ್ ಒಂದೇನಾ ತಾಳೆ ನೋಡಿ. ಅಪಾರ್ಟ್‌ಮೆಂಟಿನಲ್ಲಿ ಒಂದೇ ಗೋಡೆಯ ಮೇಲೆ ಇಪ್ಪತ್ತು ಮೀಟರ್ ಸಾಲಾಗಿ ಹಾಕುವಾಗ 204, 205 ಅದಲುಬದಲಾಗುವುದು ನಾನು ಬೇಕಾದಷ್ಟು ನೋಡಿದ್ದೇನೆ. ಪರೀಕ್ಷೆ ಸುಲಭ. ನಿಮ್ಮ ಮನೆಯ ಎಂಸಿಬಿ ಇಳಿಸಿ, ಕೆಳಗೆ ಯಾವ ಮೀಟರಿನ ದೀಪ ನಿಂತಿತು ಎಂದು ಒಬ್ಬರು ನೋಡಲಿ.

ಮೀಟರ್ ನೆಲಮಾಳಿಗೆಯಲ್ಲೋ ಕಬ್ಬಿಣದ ಪೆಟ್ಟಿಗೆಯಲ್ಲೋ ಇದ್ದರೆ ಸಿಗ್ನಲ್ ಸಿಗದಿರಬಹುದು. ಅದನ್ನು ಸರಿಮಾಡುವುದು ಕಂಪನಿಯ ಕೆಲಸ. ನೀವು ಪೆಟ್ಟಿಗೆಗೆ ತೂತು ಕೊರೆಯಬೇಡಿ.

ಆಫೀಸಿನಲ್ಲಿ ಕೂತವರಿಗೆ ಒಂದು ಮಾತು. ಎಷ್ಟು ಪರ್ಸೆಂಟ್ ಮೀಟರ್ ಮಾತಾಡುತ್ತಿವೆ ಎಂಬ ಒಂದೇ ಅಂಕಿ ನೋಡಿ ಸಮಾಧಾನಪಡಬೇಡಿ. ಮಾತಾಡದವು ಎಲ್ಲಿವೆ ಎಂದು ನಕ್ಷೆಯಲ್ಲಿ ಹಾಕಿ. ಊರೆಲ್ಲ ಚದುರಿದ್ದರೆ ಮೀಟರ್‌ಗಳ ತಪ್ಪು. ಒಂದೇ ಟಿಸಿಯ ಕೆಳಗೆ ಗುಂಪಾಗಿದ್ದರೆ ತಪ್ಪು ಆ ಟಿಸಿಯಲ್ಲಿ ಮೀಟರ್‌ಗಳ ಲೆಕ್ಕ ಕೂಡಿಸಿ ಕಳಿಸುವ ಪೆಟ್ಟಿಗೆಯದು.

ಬೀದಿಯೇ ಕತ್ತಲಾಗಿದೆ, ಆಫೀಸಿಗೆ ಗೊತ್ತಿಲ್ಲ

ಕರೆಂಟ್ ಹೋದ ಕೂಡಲೇ ಮೀಟರ್ ಕೊನೆಯುಸಿರಿನ ಹಾಗೆ ಒಂದು ಸುದ್ದಿ ಕಳಿಸಬೇಕು. ಅದಕ್ಕೆಂದೇ ಒಳಗೆ ಚೂರು ಶಕ್ತಿ ಕೂಡಿಟ್ಟುಕೊಂಡಿರುತ್ತದೆ. ಸುದ್ದಿ ಬಂದರೂ ಲೈನ್‌ಮನ್ ತಪ್ಪು ಬೀದಿಗೆ ಹೋದರೆ ಮೀಟರಿನದೂ ಸಾಫ್ಟ್‌ವೇರಿನದೂ ತಪ್ಪಲ್ಲ. ಯಾವ ಮನೆ ಯಾವ ಟಿಸಿಗೆ ಸೇರಿದೆ ಎಂಬ ಪಟ್ಟಿ ತಪ್ಪು. ಹಿಂದೆ ಯಾವಾಗಲೋ ಹೊರೆ ಹಂಚಲು ಹತ್ತು ಮನೆಯನ್ನು ಪಕ್ಕದ ಟಿಸಿಗೆ ಬದಲಿಸಿರುತ್ತಾರೆ. ಕಾಗದದಲ್ಲಿ ಬರೆದಿರುವುದಿಲ್ಲ. ಹಳೆಯ ಪವರ್‌ಮ್ಯಾನ್ ತಲೆಯಲ್ಲಿ ಮಾತ್ರ ಇರುತ್ತದೆ. ಅವರು ರಿಟೈರ್ ಆಗುವ ಮೊದಲು ಒಂದು ವಾರ ಅವರ ಜೊತೆ ಬೀದಿ ಸುತ್ತಿ. ಇದಕ್ಕಿಂತ ಅಗ್ಗದ, ಒಳ್ಳೆಯ ದುರಸ್ತಿ ನನಗೆ ಗೊತ್ತಿಲ್ಲ.

ಯೋಜನೆಯ ಖರ್ಚು ಕಂತು ಕಂತಾಗಿ ಏರುತ್ತಿದೆ

ಇಲ್ಲಿಂದ ಮೀಟರ್ ಬಿಟ್ಟು ಯೋಜನೆಯ ಕಾಯಿಲೆ. ಬೋಲ್ಡರ್‌ನಲ್ಲಿ ಕಂಪನಿಯ ಪಾಲು ಮೊದಲು ಸುಮಾರು 1.5 ಕೋಟಿ ಡಾಲರ್ ಎಂದಿದ್ದದ್ದು ಕೊನೆಗೆ 4.4 ಕೋಟಿ ದಾಟಿತು.

ಮೊದಲು ನೋಡಬೇಕಾದ್ದು ನೆಲ. ಆ ಊರು ಕೂತಿರುವುದೇ ಬೆಟ್ಟದ ಬುಡದ ಬಂಡೆಯ ಮೇಲೆ. ಫೈಬರ್ ಹೂಳಲು ಬಂಡೆ ಕೊರೆಯಬೇಕಾಯಿತು. ಅದಕ್ಕೆ ವಜ್ರದ ತುದಿಯ ಬೈರಿಗೆ ಬೇಕಾಯಿತು. ಮೇಲೆ ಹೋದ ಕಡೆ ಮರ ಸವರುವ ಖರ್ಚು. ಅಂದಾಜು ಬರೆಯುವ ಮೊದಲು ಊರಿನ ಮೂರು ಕಡೆ ನೂರು ನೂರು ಮೀಟರ್ ಅಗೆದು ನೋಡಿದರೆ ಇದು ಕಡಿಮೆ ಖರ್ಚಿನಲ್ಲೇ ತಿಳಿಯುತ್ತದೆ, ಅಲ್ವಾ?

ಎರಡನೆಯದು, ಮಾಹಿತಿ ಹರಿಯುವ ದಾರಿ ಅಷ್ಟು ಅಗಲ ಬೇಕಾ? ಮೀಟರ್ 15 ನಿಮಿಷಕ್ಕೊಮ್ಮೆ ಕಳಿಸುವ ಲೆಕ್ಕ ಎರಡು ಸಾಲಿನಷ್ಟು ಚಿಕ್ಕದು. ಮುಂದೆ ಅದೇ ಕಂಪನಿ ಕೊಲೊರಾಡೊದಲ್ಲಿ ದೊಡ್ಡ ಮಟ್ಟದಲ್ಲಿ ಹೊಸ ಮೀಟರ್ ಹಾಕುವಾಗ ರೇಡಿಯೊ ಜಾಲಕ್ಕೆ ಹೋಯಿತು.

ಮೂರನೆಯದು ಎಲ್ಲಕ್ಕಿಂತ ಗಟ್ಟಿ. ಅಂದಾಜು ದಾಟಿದ ದುಡ್ಡು ಯಾರ ತಲೆಗೆ ಎಂದು ಕೆಲಸ ಶುರುವಾಗುವ ಮೊದಲೇ ಬರೆದಿದೆಯಾ? ಬೋಲ್ಡರ್‌ನಲ್ಲಿ ಕೊಲೊರಾಡೊದ ನಿಯಂತ್ರಣ ಆಯೋಗದ ಅನುಮತಿಯ ಮಾತು ಬಂದದ್ದು ಕೆಲಸ ಬಹುಪಾಲು ಆದ ಮೇಲೆ. ಖರ್ಚು ಲಾಭದ ಪೂರ್ತಿ ಲೆಕ್ಕ ಮೊದಲೇ ಮಾಡಿರಲಿಲ್ಲ ಎಂಬ ಟೀಕೆಯೂ ಬಂತು. ಆ ಆಯೋಗ ಸುಮಾರು 2.8 ಕೋಟಿ ಡಾಲರ್ ಅನ್ನು ಗ್ರಾಹಕರಿಂದ ವಸೂಲಿ ಮಾಡಲು ಒಪ್ಪಿತು. ಉಳಿದ ಸುಮಾರು 1.66 ಕೋಟಿಗೆ ಒಪ್ಪಲಿಲ್ಲ. ನನಗೆ ಆ ಆದೇಶ ನ್ಯಾಯವಾಗಿಯೇ ಕಾಣುತ್ತದೆ.

ಎಲ್ಲ ಹಾಕಿದ್ದಾರೆ, ಜನಕ್ಕೆ ಏನೂ ಬದಲಾಗಿಲ್ಲ

ಇದು ಹಿಡಿಯಲು ಅತಿ ಕಷ್ಟದ ದೋಷ. ಪರದೆಯ ಮೇಲೆ ಎಲ್ಲ ಹಸಿರಾಗಿರುತ್ತದೆ. ಅಗ್ಗದ ಪರೀಕ್ಷೆ ಒಂದಿದೆ. ಹತ್ತು ಮನೆಗೆ ಹೋಗಿ, ಮೀಟರ್ ಬಂದ ಮೇಲೆ ನೀವು ಯಾವ ಕೆಲಸದ ಹೊತ್ತು ಬದಲಿಸಿದಿರಿ ಎಂದು ಕೇಳಿ. ವಾಷಿಂಗ್ ಮಷಿನ್, ಸಂಪಿನ ಪಂಪ್, ಗೀಸರ್, ಯಾವುದಾದರೂ ಒಂದು. ಹತ್ತಕ್ಕೆ ಹತ್ತೂ ಇಲ್ಲ ಅಂದರೆ ಮೀಟರ್ ಬರೀ ರೀಡರ್ ಸಂಬಳ ಉಳಿಸುತ್ತಿದೆ.

ಯಾಕೆ ಬದಲಿಸಲಿಲ್ಲ ಎಂದು ಮುಂದೆ ಹುಡುಕಿ. ಹೊತ್ತಿಗೆ ತಕ್ಕ ದರ ಇದೆಯಾ? ಇಲ್ಲದಿದ್ದರೆ ಪಂಪನ್ನು ಮಧ್ಯಾಹ್ನ ಹಾಕಿದರೂ ಸಂಜೆ ಹಾಕಿದರೂ ಒಂದೇ ದುಡ್ಡು. ದರ ಇದ್ದರೆ ಅದು ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ಸಿಗುತ್ತಿದೆಯಾ? ಬೋಲ್ಡರ್‌ನಲ್ಲಿ ಬಳಕೆ ನೋಡಿ ತಾನಾಗಿ ಹೊಂದಿಸುವ ಉಪಕರಣಗಳನ್ನು ಸಾವಿರಕ್ಕೂ ಜಾಸ್ತಿ ಮನೆಗಳಲ್ಲಿ ಇಡುವ ಆಸೆಯಿತ್ತು. ಇಟ್ಟದ್ದು ನೂರರ ಆಸುಪಾಸು. ಜನ ಕಾಯುತ್ತಲೇ ಉಳಿದರು. 2011ರ ನವೆಂಬರ್‌ನಲ್ಲಿ ಆ ಊರಿನವರು ಕರೆಂಟ್ ವ್ಯವಸ್ಥೆಯನ್ನು ಊರೇ ನಡೆಸಲಿ ಎಂಬ ದಾರಿಗೆ ಮತ ಹಾಕಿದರು. ಹವಾಮಾನದ ಕಾಳಜಿ, ನವೀಕರಿಸಬಹುದಾದ ಇಂಧನದ ಬಯಕೆ ಅದರ ದೊಡ್ಡ ಕಾರಣ. ಆ ಪ್ರಯತ್ನ ಒಂಬತ್ತು ವರ್ಷ ನಡೆದು, 2020ರಲ್ಲಿ ಮತ್ತೆ ಕಂಪನಿಯ ಜೊತೆ ಒಪ್ಪಂದಕ್ಕೆ ಜನ ಮತ ಕೊಟ್ಟಾಗ ನಿಂತಿತು.

ಯಾವಾಗ ಮೇಲಕ್ಕೆ ಹೋಗಬೇಕು

ಸೆಕ್ಷನ್ ಆಫೀಸಿನಲ್ಲಿ ಬರೆದುಕೊಟ್ಟ ದೂರಿಗೆ ಉತ್ತರ ಬರದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಅಲ್ಲೂ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್. ಇಡೀ ಯೋಜನೆಯ ಖರ್ಚಿನ ಪ್ರಶ್ನೆಯಾದರೆ ಅದರ ಜಾಗ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ದರ ಪರಿಷ್ಕರಣೆಗೆ ಮೊದಲು ಆಯೋಗ ಆಕ್ಷೇಪಣೆ ಕರೆಯುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಹೋಗಿ ಮಾತಾಡಬಹುದು. ಹೋಗುವಾಗ ಮೂರು ಹಾಳೆ ಜೊತೆಗಿರಲಿ: ಒಂದು ವರ್ಷದ ಬಿಲ್ಲುಗಳ ಪ್ರತಿ, ನೀವೇ ಬರೆದ ವೋಲ್ಟೇಜ್ ಪಟ್ಟಿ, ದೂರಿನ ನಂಬರ್ ಇರುವ ರಸೀದಿ.